ವ, ಫ, ಸುಮ್ಮ

ಅರಬ್ಬಿ ಕಲಿಯಬೇಕೆಂದು ನಾನು ಯಾವತ್ತೂ ಅಂದುಕೊಂಡವಳಲ್ಲ. ಆ ವರ್ಷ ನಾನು ಏನನ್ನೂ ಅಂದುಕೊಳ್ಳುತ್ತಿರಲಿಲ್ಲ. ಯಾರು ಏನು ಕೊಟ್ಟರೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದೆ, ಅಷ್ಟೆ. ಅರಬ್ಬಿಯೂ ಹಾಗೆಯೇ ಬಂತು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪ ಕೇಂದ್ರ ಸರ್ಕಾರದ ಲೆಕ್ಕಪತ್ರದ ಕಚೇರಿಯೊಂದರಲ್ಲಿದ್ದರು. ಧಾರವಾಡದ ಕಡೆಯವರಾದ ನಾವು ಮೂರು ಜನ, ಅಪ್ಪ, ಅವ್ವ, ನಾನು, ಆರೇಳು ವರ್ಷ ಎರ್ನಾಕುಲಂನಲ್ಲಿದ್ದೆವು. ಅಪ್ಪ ದಿನಾ ಜೆಟ್ಟಿಯಿಂದ ಬೋಟು ಹತ್ತಿ ದ್ವೀಪದಲ್ಲಿದ್ದ ಆಫೀಸಿಗೆ ಹೋಗುತ್ತಿದ್ದರು. ಅವ್ವ ಮನೆಯಲ್ಲಿ ಇರುತ್ತಿದ್ದಳು. ಅಷ್ಟು ವರ್ಷವಿದ್ದರೂ ಅವಳಿಗೆ ಮಲಯಾಳಂ ಬಾಯಿಗೆ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ, ತಪ್ಪಾಡಿದರೆ ನಕ್ಕಾರು ಎಂದು ಬಾಯಿ ತೆರೆಯುತ್ತಿರಲಿಲ್ಲ. ಮೀನಿನವಳು ಬಾಗಿಲಿಗೆ ಬಂದರೆ ತಲೆ ಅಲ್ಲಾಡಿಸುವಳು, ತರಕಾರಿಯವನಿಗೆ ಬೆರಳು ತೋರಿಸುವಳು. ಮಿಕ್ಕದ್ದಕ್ಕೆಲ್ಲ ನಾನಿದ್ದೆ.

ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವ್ವನಿಗೆ ಹೊಟ್ಟೆಯ ಆಪರೇಶನ್ ಆಗಬೇಕೆಂದಾಯಿತು. ಸಣ್ಣದು, ಗಾಬರಿ ಪಡುವಂಥದ್ದೇನಲ್ಲ ಎಂದು ಎಲ್ಲರೂ ಹೇಳಿದರು. ನನ್ನನ್ನು ಧಾರವಾಡಕ್ಕೆ, ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ಮಾವಿನಹಣ್ಣು ತಿಂದುಕೊಂಡು, ಮಾವನ ಮಕ್ಕಳೊಡನೆ ಕೇರಂ ಆಡಿಕೊಂಡು ಇದ್ದೆ. ಒಂದು ಬೆಳಿಗ್ಗೆ ಮಾವ ಪಡಸಾಲೆಗೆ ಬಂದು, “ಬಟ್ಟಿ ತುಂಬ್ಕೋ, ನಿಮ್ಮೂರಿಗೆ ಹೋಗೋಣು” ಅಂದರು. ರೈಲಿನಲ್ಲಿ ಅವರು ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಎರ್ನಾಕುಲಂನ ಮನೆಗೆ ಹೋದಾಗ ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಅಪ್ಪನ ತಲೆ ಬೋಳಿಸಿತ್ತು. ಎಲ್ಲ ಮುಗಿದುಹೋಗಿತ್ತು.

“ಜಡ್ಡಾಗಿ ಹೋಗಿಬಿಟ್ಟಳವ್ವಾ” ಎಂದು ಊರಿಂದ ಬಂದವರೆಲ್ಲ ನನ್ನ ತಲೆ ಸವರಿ ಹೇಳಿದರು. ನಾನು ಅಳಲಿಲ್ಲ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಮುಟ್ಟಿದಂತಿರುತ್ತದೆ. ನನ್ನ ಇಡೀ ಮೈ ಹಾಗಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಸಾಮಾನು ಕಟ್ಟಿ, ಮನೆ ಹುಡುಕಿ, ಪಾತ್ರೆಪಗಡ ಜೋಡಿಸುವಷ್ಟರಲ್ಲಿ ಕಾಲೇಜುಗಳು ತೆರೆದು ಸುಮಾರು ದಿನವಾಗಿತ್ತು. ಅಪ್ಪ ನನ್ನನ್ನು ನಮ್ಮ ಕಡೆಯ ಪಿ.ಯು.ಸಿ.ಯಂಥ ಪ್ರೀಡಿಗ್ರಿಗೆ ಸೇರಿಸಲು ಕರೆದುಕೊಂಡು ಹೋದರು. ಆಫೀಸಿನ ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, “ಸೆಕೆಂಡ್ ಲ್ಯಾಂಗ್ವೇಜ್ ಏದಾ?” ಅಂದರು.

ಅಪ್ಪ ಹಿಂದಿ ಅಂದರು. ಹಿಂದಿ ತುಂಬಿತ್ತು. ಫ್ರೆಂಚೂ ತುಂಬಿತ್ತು. ಮಲಯಾಳಂ ನಾನು ಶಾಲೆಯಲ್ಲಿ ಓದಿರಲಿಲ್ಲ.

“ಹೊಸಬರನ್ನು ಇನ್ನೂ ತೆಗೆದುಕೊಳ್ಳುತ್ತಿರುವುದು ಅರಬಿಯಲ್ಲಿ ಮಾತ್ರ, ಸಾರ್” ಎಂದರು ಗುಮಾಸ್ತರು, ಆಗುವುದಿಲ್ಲ ಅನ್ನುವ ಧಾಟಿಯಲ್ಲಿ.

ಅಪ್ಪ ನನ್ನ ಕಡೆ ತಿರುಗಿದರು. “ಏನ್ ಮಾಡೋಣು ತಂಗೀ?” ನಮ್ಮ ಕಡೆ ಮಗಳನ್ನು ತಂಗಿ ಎಂದೇ ಕರೆಯುತ್ತಾರೆ.

“ಆಗಲಿ” ಅಂದೆ. ಅವರು ಚೀನೀ ಭಾಷೆ ಅಂದಿದ್ದರೂ ಆಗಲಿ ಅನ್ನುತ್ತಿದ್ದೆ. ಗುಮಾಸ್ತರು ಒಂದು ಕ್ಷಣ ಪೆನ್ನು ಎತ್ತಿ ಹಿಡಿದುಕೊಂಡರು, ಆಮೇಲೆ ಬರೆದುಕೊಂಡರು.

ಅರಬ್ಬಿ ತರಗತಿ ಮಹಡಿಯ ಮೂಲೆಯ ಸಣ್ಣ ಕೋಣೆಯಲ್ಲಿ ನಡೆಯುತ್ತಿತ್ತು. ಹತ್ತು ಹನ್ನೆರಡು ಜನ. ನನ್ನೊಬ್ಬಳನ್ನು ಬಿಟ್ಟರೆ ಎಲ್ಲರೂ ಮುಸಲ್ಮಾನರ ಮನೆಯ ಮಕ್ಕಳು, ಎಲ್ಲರೂ ಚಿಕ್ಕಂದಿನಲ್ಲೇ ಮದರಸಾದಲ್ಲಿ ಅರಬ್ಬಿ ಓದಲು ಕಲಿತವರು. ನಾನು ಕೂತ ಬೆಂಚಿನಲ್ಲಿ ಕಡಲ ಬದಿಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ಮೊದಲ ದಿನವೇ ನನ್ನ ಪುಸ್ತಕವನ್ನು ತಿರುಗಿಸಿ, ಅದರ ಹಿಂದಿನ ರಟ್ಟೇ ಮುಂದಿನ ರಟ್ಟೆಂದು ತೋರಿಸಿಕೊಟ್ಟಳು. ಅವಳು ಸರಾಗವಾಗಿ ಓದುತ್ತಿದ್ದಳು, ಆದರೆ ಓದಿದ್ದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ನನಗೆ ಅರ್ಥ ಹೇಳಿದರೆ ನೆನಪಿನಲ್ಲಿ ಉಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಇಬ್ಬರೂ ಸೇರಿ ಒಬ್ಬ ವಿದ್ಯಾರ್ಥಿನಿ ಎಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು.

ಮೇಷ್ಟ್ರು ತೆಳ್ಳಗಿನ ಹಿರಿಯರು. ಬಿಳಿ ಮುಂಡು, ಬಿಳಿ ಅಂಗಿ, ಬಿಸಿಲಿದ್ದರೂ ಕೈಯಲ್ಲಿ ಕೊಡೆ. ಹುಡುಗಿಯರನ್ನೆಲ್ಲ ‘ಮೋಳೇ’ ಎಂದು, ಮಗಳೇ ಎಂದು, ಕರೆಯುವರು. ಒಬ್ಬ ಹೊಸಬಳಿಗೋಸ್ಕರ ಇಡೀ ತರಗತಿಯನ್ನು ಅಕ್ಷರಮಾಲೆಗೆ ಹಿಂತಿರುಗಿಸಲು ಸಾಧ್ಯವಿಲ್ಲದ್ದರಿಂದ, ನನಗೆ ಬೆಳಿಗ್ಗೆ ಪಾಠಕ್ಕೆ ಮುಂಚೆ ಬೇರೆಯಾಗಿ ಅಕ್ಷರ ಹೇಳಿಕೊಟ್ಟರು. ನಾನು ಚೆನ್ನಾಗಿ ಕಲಿತೆ. ಆಸಕ್ತಿಯಿಂದಲ್ಲ. ಬಲದಿಂದ ಎಡಕ್ಕೆ ಕೈ ಸರಿಸುತ್ತಾ ಬರೆಯುತ್ತಿದ್ದರೆ ಬೇರೇನೂ ತಲೆಗೆ ಬರುತ್ತಿರಲಿಲ್ಲ. ಮನೆಯಲ್ಲೂ ಅದನ್ನೇ ಮಾಡುತ್ತಿದ್ದೆ.

ಮನೆಯಲ್ಲಿ ಮಾತಿರಲಿಲ್ಲ. ಅಪ್ಪ ಅನ್ನ, ಸಾರು ಮಾಡಲು ಕಲಿತಿದ್ದರು. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೆವು. ‘ಮಜ್ಜಿಗಿ ಬೇಕೇನು’, ‘ಕರೆಂಟ್ ಹೋತು’, ‘ಛತ್ರಿ ತಗೊಂಡು ಹೋಗು’. ಒಂದೊಂದು ದಿನ ಅಷ್ಟರಲ್ಲೇ ಮುಗಿಯುತ್ತಿತ್ತು. ಅವ್ವನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅವರಿಗೆ ನೋವಾದೀತೆಂದು ನಾನು, ನನಗೆ ನೋವಾದೀತೆಂದು ಅವರು. ನಿಜ ಹೇಳಬೇಕೆಂದರೆ ನನಗೆ ನೋವು ಎಲ್ಲಿದೆ ಎಂದೇ ಗೊತ್ತಿರಲಿಲ್ಲ.

ಮೊದಲ ವರ್ಷದ ಅರ್ಧ ಕಳೆದ ಮೇಲೆ ಮೇಷ್ಟ್ರು ಸಣ್ಣ ಸಣ್ಣ ವಾಕ್ಯಗಳನ್ನು ಬಿಟ್ಟು, ವಾಕ್ಯಕ್ಕೆ ವಾಕ್ಯ ಜೋಡಿಸುವುದನ್ನು ಶುರು ಮಾಡಿದರು. ಒಂದು ದಿನ ಬೋರ್ಡಿನ ಮೇಲೆ ಮೂರು ಪುಟ್ಟ ಪದಗಳನ್ನು ಬರೆದರು. ವ. ಫ. ಮೂರನೆಯದನ್ನು ನಾಲಿಗೆಯ ತುದಿ ಹಲ್ಲಿನ ನಡುವೆ ಇಟ್ಟು ಹೇಳಬೇಕು. ಮೇಷ್ಟ್ರು ಹಾಗೆಯೇ ಹೇಳಿದರು, ನನ್ನ ಕಿವಿಗೆ ಮಾತ್ರ ಅದು ‘ಸುಮ್ಮ’ ಎಂದೇ ಬಿತ್ತು. ನಮ್ಮ ಮನೆಯ ಮಾತಿನಲ್ಲಿ ‘ಸುಮ್ಮ ಕೂಡು’ ಅಂದರೆ ಮಾತಾಡದೆ ಕೂತಿರು ಎಂದು. ಆ ಪದ ನನಗೆ ಕೊನೆಯವರೆಗೂ ಸುಮ್ಮ ಆಗಿಯೇ ಉಳಿಯಿತು.

“ಮೂರಕ್ಕೂ ನಿಮ್ಮ ಇಂಗ್ಲಿಷಿನಲ್ಲಿ ಒಂದೇ ಪದ, ಆ್ಯಂಡ್” ಎಂದರು ಮೇಷ್ಟ್ರು. “ಆದರೆ ಅರಬಿ ಅಷ್ಟಕ್ಕೆ ಬಿಡುವುದಿಲ್ಲ. ವ ಬರೀ ಕೂಡಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಅದಕ್ಕೆ ಬೇಕಾಗಿಲ್ಲ. ಅಕ್ಕಿ ವ ಬೇಳೆ, ಹೋದ ವ ಬಂದ. ಫ ಹಾಗಲ್ಲ. ಒಂದು ಆಯಿತು, ಅದರ ಬೆನ್ನಿಗೇ ಇನ್ನೊಂದು ಆಯಿತು. ಮೇಷ್ಟ್ರು ಒಳಗೆ ಬಂದರು ಫ ಕೂತರು.” ಹೇಳುತ್ತಲೇ ಕುರ್ಚಿಯಲ್ಲಿ ಕೂತು ತೋರಿಸಿದರು. ಎಲ್ಲರೂ ನಕ್ಕರು. “ಇನ್ನು ಮೂರನೆಯದು. ಅಲ್ಲಿ ನಡುವೆ ಸಮಯ ಇರುತ್ತದೆ. ರೈತ ಬಿತ್ತಿದ, ಸುಮ್ಮ ಕೊಯ್ದ. ಬಿತ್ತಿದ ದಿನವೇ ಯಾರೂ ಕೊಯ್ಯುವುದಿಲ್ಲ, ಕೇಟ್ಟೋ, ತಿಳಿಯಿತೋ?”

ಮೂರರಲ್ಲಿ ಒಂದನ್ನು ಬಳಸಿ ನಾವೇ ವಾಕ್ಯ ಮಾಡಿಕೊಂಡು ಬರಬೇಕಿತ್ತು. ಮಾರನೆಯ ದಿನ ಒಬ್ಬೊಬ್ಬರಾಗಿ ಓದಿದರು. ಹುಡುಗ ಬಿದ್ದ ಫ ಅತ್ತ. ತಂದೆ ಹಡಗು ಹತ್ತಿದರು ಸುಮ್ಮ ಮರಳಿದರು. ನನ್ನ ಸರದಿ ಬಂದಾಗ ನಾನು ಓದಿದೆ: “ಮರಿದತ್ ಉಮ್ಮೀ ವ ಮಾತತ್.” ನನ್ನ ತಾಯಿ ಕಾಯಿಲೆ ಬಿದ್ದಳು ಮತ್ತು ಸತ್ತಳು.

ಬೇಕೆಂದು ಬರೆದದ್ದಲ್ಲ. ಹಿಂದಿನ ವಾರದ ಪಾಠದಲ್ಲಿ ಆ ಎರಡು ಕ್ರಿಯಾಪದಗಳಿದ್ದವು, ನನಗೆ ಅವುಗಳ ರೂಪ ಬಾಯಿಪಾಠವಾಗಿತ್ತು. ಓದುವಾಗ ನನ್ನ ದನಿಯೂ ಬದಲಾಗಲಿಲ್ಲ.

ಮೇಷ್ಟ್ರಿಗೆ ಅದೊಂದು ಅಭ್ಯಾಸದ ವಾಕ್ಯ. “ನನ್ನಾಯಿ” ಅಂದರು, ಚೆನ್ನಾಗಿದೆ ಎಂದು. “ವ್ಯಾಕರಣ ಸರಿ. ಆದರೆ ವ ಹಾಕಿದರೆ ವಾಕ್ಯ ಏನನ್ನೂ ಹೇಳುವುದಿಲ್ಲ. ಕಾಯಿಲೆ ಬಿದ್ದಳು, ಬಿದ್ದ ಕೂಡಲೇ ಸತ್ತಳೋ, ಸ್ವಲ್ಪ ಕಾಲ ಇದ್ದು ಆಮೇಲೆ ಸತ್ತಳೋ? ಫ ಹಾಕೋಣವೋ, ಸುಮ್ಮ ಹಾಕೋಣವೋ, ಮೋಳೇ?”

“ಅರಿಞ್ಞೂಡಾ ಸಾರ್” ಅಂದೆ. ಗೊತ್ತಿಲ್ಲ.

ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ತಾನೇ ಮಾಡಿದ ವಾಕ್ಯ ತನಗೇ ಗೊತ್ತಿಲ್ಲವೆಂದರೆ ಯಾರಾದರೂ ನಗಬೇಕಾದದ್ದೇ. ಮೇಷ್ಟ್ರೂ ಮುಗುಳ್ನಕ್ಕರು. ನನ್ನ ಬೆಂಚಿನ ಹುಡುಗಿ ಮಾತ್ರ ನಗಲಿಲ್ಲ. ನನ್ನ ಅಂಗೈಯನ್ನು ಬೆಂಚಿನ ಕೆಳಗೆ ಹಿಡಿದುಕೊಂಡು, “ನಿನ್ನ ಉಮ್ಮ ಇಲ್ಲವಾ?” ಎಂದು ಪಿಸುಗುಟ್ಟಿದಳು. ಇಲ್ಲ ಎಂದು ತಲೆಯಾಡಿಸಿದೆ.

ಮೇಷ್ಟ್ರಿಗೆ ಅವಳೇ ಹೇಳಿರಬೇಕು. ಮರುದಿನ ಪಾಠ ಮುಗಿದ ಮೇಲೆ ಅವರು ನನ್ನನ್ನು ವರಾಂಡಕ್ಕೆ ಕರೆದರು. ಕೊಡೆಯ ಹಿಡಿಯನ್ನು ತಿರುಗಿಸುತ್ತಿದ್ದರು.

“ನಿನ್ನೆಯ ವಾಕ್ಯ ಇತ್ತಲ್ಲ ಮೋಳೇ, ಅದು ಹಾಗೆಯೇ ಇರಲಿ” ಅಂದರು. “ವ ತಪ್ಪಲ್ಲ. ವ ಸಾಕು.”

“ಸರಿ ಸಾರ್” ಅಂದೆ.

ಸರಿ ಅಂದೆನೇ ಹೊರತು, ಅಲ್ಲಿಂದ ಮೆಟ್ಟಿಲಿಳಿದು ಬಸ್‌ಸ್ಟಾಪಿಗೆ ನಡೆಯುವಾಗ ನನಗೆ ಆ ಮಾತು ಬಿಡಲಿಲ್ಲ. ಅವರು ಕನಿಕರದಿಂದ ಹೇಳಿದ್ದರು. ಆದರೆ ವಾಕ್ಯ ಏನನ್ನೂ ಹೇಳುವುದಿಲ್ಲ ಅಂದವರೂ ಅವರೇ. ನಮ್ಮ ಕಡೆಯ ಹೆಂಗಸರು ಹೇಳಿದ ‘ಜಡ್ಡಾಗಿ ಹೋದಳು’ ಎಂಬುದನ್ನು ಮನಸ್ಸಿನಲ್ಲೇ ತಿರುವಿ ನೋಡಿದೆ. ಕನ್ನಡದಲ್ಲಿ ಎಲ್ಲವೂ ಒಂದೇ ಉಸಿರಿನಲ್ಲಿ ನಡೆದುಹೋಗುತ್ತದೆ. ತಿಂದು ಹೋದ, ಮಲಗಿ ಎದ್ದ, ಜಡ್ಡಾಗಿ ಹೋದಳು. ನಡುವೆ ಒಂದು ಗಳಿಗೆ ಇತ್ತೋ ಒಂದು ತಿಂಗಳಿತ್ತೋ, ಕೇಳಿದವರಿಗೆ ತಿಳಿಯುವುದಿಲ್ಲ. ನಾನು ಧಾರವಾಡದಲ್ಲಿ ಕೇರಂ ಆಡುತ್ತಿದ್ದಾಗ ಅವ್ವ ಇದ್ದಳೇ, ಹೋಗಿದ್ದಳೇ? ಆಪರೇಶನ್ ಯಾವತ್ತಾಯಿತು? ಆ ಪ್ರಶ್ನೆ ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಅಡುಗೆಮನೆಯಲ್ಲಿ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

“ಅಪ್ಪಾ, ಆಪರೇಶನ್ ಆದ ಮ್ಯಾಲ ಅವ್ವ ಇದ್ದಳೇನು?”

ಅಪ್ಪನ ಕೈ ನಿಲ್ಲಲಿಲ್ಲ. ಹೋಳು ತಿರುಗುತ್ತಲೇ ಇತ್ತು. ಕೇಳಿಸಲಿಲ್ಲವೇನೋ ಎಂದುಕೊಂಡೆ.

“ಇದ್ದಳು” ಎಂದರು. “ಭಾಳ ದಿನಾ ಇದ್ದಳು.”

“ನಂಗ ಯಾರೂ ಹೇಳಲಿಲ್ಲ.”

“ಏನಂತ ಹೇಳೂದು? ದಿನಾ ಮುಂಜಾನೆ ಡಾಕ್ಟರು ಬಂದು ಇನ್ನೆರಡು ದಿನದಾಗ ಮನಿಗೆ ಬಿಡ್ತೀವಿ ಅಂತಿದ್ರು. ನಾ ಅದನ್ನ ನಂಬಿ ಆಫೀಸಿಗೆ ಹೋಗ್ತಿದ್ದೆ. ನಿನ್ನ ಕರಸೋಣೇನು ಅಂತ ಅಕೀನ್ನ ಕೇಳಿದ್ದೆ. ಬ್ಯಾಡ ಅಂದಳು. ಹುಡುಗಿ ಈಗರೆ ಪರೀಕ್ಷಾ ಮುಗಿಸ್ಯಾಳ, ಮಾವನ ಮನ್ಯಾಗ ಆರಾಮ ಇರ್ಲಿ, ನಾ ಎದ್ದು ಓಡ್ಯಾಡೂ ಹಂಗಾದ ಮ್ಯಾಲ ಬರ್ಲಿ ಅಂದಳು.”

“ಮಾತಾಡ್ತಿದ್ದಳೇನು?”

“ಮಾತಾಡ್ತಿದ್ದಳೇನು ಅಂತ ಕೇಳ್ತಿ?” ಅಪ್ಪ ಮೊದಲ ಸಲ ತಲೆಯೆತ್ತಿದರು. “ಬಾಜೂ ಹಾಸಿಗ್ಯಾಗ ಒಬ್ಬಾಕಿ ಮುದುಕಿ ಇದ್ದಳು. ಅಕಿ ಜೋಡಿ ಮಲಯಾಳಂ ಮಾತಾಡ್ತಿದ್ದಳು ನಿಮ್ಮವ್ವ. ನಾ ಒಂದಿನ ಸಂಜಿಗೆ ಹೋಗೂದ್ರಾಗ ‘ಊಣು ಕಳಿಚ್ಚೋ’ ಅಂತ ನನ್ನ ಕೇಳಿದಳು. ಊಟ ಆತೇನು ಅಂತ. ನರ್ಸುಗೋಳೆಲ್ಲ ನಕ್ಕರು. ಅಕೀನೂ ನಕ್ಕಳು. ನಗಬಾರದು, ಹೊಲಗಿ ಜಗ್ಗತಾವ ಅಂತ ಹೊಟ್ಟಿ ಹಿಡಕೊಂಡು ನಕ್ಕಳು.”

ಹೋಳಿನಲ್ಲಿ ಬಿಳಿ ಮುಗಿದಿತ್ತು. ಅಪ್ಪ ತುರಿಯುತ್ತಲೇ ಇದ್ದರು. ಕಂದು ಚೂರುಗಳು ತಟ್ಟೆಗೆ ಬೀಳುತ್ತಿದ್ದವು.

“ಆಮ್ಯಾಲ?”

“ಆಮ್ಯಾಲ ಜ್ವರ ಬಂತು. ಇಳೀಲಿಲ್ಲ.”

ಅಷ್ಟು ಹೇಳಿ ಅಪ್ಪ ಎದ್ದು ಕರಟವನ್ನು ಕಿಟಕಿಯಲ್ಲಿಟ್ಟರು. ನಾನು ತಟ್ಟೆಯನ್ನು ತೆಗೆದುಕೊಂಡು ಕಂದು ಚೂರುಗಳನ್ನು ಆರಿಸಲು ಕೂತೆ. ಎಲ್ಲ ಆರಿಸಲಾಗಲಿಲ್ಲ. ಆ ದಿನದ ಪಲ್ಯದಲ್ಲಿ ಹಲ್ಲಿಗೆ ಸಿಗುತ್ತಿದ್ದವು, ಇಬ್ಬರೂ ತಿಂದೆವು. ಅಷ್ಟು ದಿನ ಅವ್ವ ಇದ್ದಳು, ಮಾತಾಡುತ್ತಿದ್ದಳು, ನಗುತ್ತಿದ್ದಳು, ನನ್ನನ್ನು ಕರೆಸಬಹುದಿತ್ತು ಎಂದು ತಿಳಿದಾಗ ಸಿಟ್ಟು ಬರಬೇಕಿತ್ತು. ಅಳುವಾದರೂ ಬರಬೇಕಿತ್ತು. ಕೆನ್ನೆ ಇನ್ನೂ ಬೇರೆಯವರದೇ ಆಗಿತ್ತು. ಆದರೆ ಊಟದ ನಡುವೆ ಅಪ್ಪ ಇದ್ದಕ್ಕಿದ್ದಂತೆ, “ಮುದುಕಿ ಅಕೀಗೆ ಸಕ್ಕರಿ ಹಾಕಿದ ಅವಲಕ್ಕಿ ಕೊಡ್ತಿದ್ದಳು, ಅವಲ್ ಅಂತಾರಲ್ಲ” ಎಂದರು. ನಾನು “ಹೌದು, ಅವಲ್” ಅಂದೆ. ಮಜ್ಜಿಗೆಯಾಚೆಗಿನ ಮಾತು ನಮ್ಮ ಮನೆಯಲ್ಲಿ ಆವತ್ತೇ ಮೊದಲು.

ಸೋಮವಾರ ನನ್ನ ಪುಸ್ತಕದಲ್ಲಿ ವ ಹೊಡೆದುಹಾಕಿ ಸುಮ್ಮ ಬರೆದು ಮೇಷ್ಟ್ರ ಮೇಜಿನ ಮೇಲಿಟ್ಟೆ. ಅವರು ನೋಡಿದರು. ನನ್ನನ್ನು ನೋಡಿದರು. ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ಮೂರನೆಯ ಪದದ ಮೇಲೆ ನಾನು ಬಿಟ್ಟಿದ್ದ ಒಂದು ಚುಕ್ಕೆಯನ್ನು ಸೇರಿಸಿ ಹಿಂತಿರುಗಿಸಿದರು.

ಅದಾದ ಮೇಲೆ ಅಪ್ಪ ಆಗಾಗ ಹೇಳುತ್ತಿದ್ದರು. ಎದುರು ಕೂತು ಹೇಳಿದ್ದಲ್ಲ. ಬಟ್ಟೆ ಒಣಹಾಕುವಾಗ, ಚಪ್ಪಲಿ ಮೆಟ್ಟುವಾಗ, ಒಂದೊಂದು ಚೂರು. ಆಸ್ಪತ್ರೆಯ ವರಾಂಡದಲ್ಲಿ ಅವ್ವ ಒಂದು ದಿನ ತಾನೇ ನಡೆದಾಡಿದ್ದು. ಹೆರಳು ಹಾಕಿಕೊಡಲು ಅಪ್ಪನಿಗೆ ಹೇಳಿದ್ದು, ಅವರಿಗೆ ಬಾರದೆ ನರ್ಸು ಹಾಕಿದ್ದು. ನಾನು ಕೇಳುತ್ತಿದ್ದೆ. ಹೆಚ್ಚು ಕೇಳಿದರೆ ಅವರು ನಿಲ್ಲಿಸಿಬಿಡುತ್ತಾರೆಂದು ಗೊತ್ತಾಗಿತ್ತು, ಅದಕ್ಕೆ ಒಂದು ಸಲಕ್ಕೆ ಒಂದೇ ಪ್ರಶ್ನೆ.

ಎರಡನೆಯ ವರ್ಷದಲ್ಲಿ ‘ಆದರೆ’, ‘ಏಕೆಂದರೆ’, ‘ಹಾಗಿದ್ದರೂ’ ಎಲ್ಲ ಬಂದವು. ಕೊನೆಗೆ ‘ಲೌ’ ಬಂತು. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು ಉಚ್ಚರಿಸಿದ ಕೂಡಲೇ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡರು. “ಇದು ನಿಮ್ಮ ಸಿನಿಮಾದ ಲವ್ ಅಲ್ಲ” ಎಂದರು ಮೇಷ್ಟ್ರು. “ಇದು ‘ಆಗಿದ್ದರೆ’. ನೀನು ಓದಿದ್ದರೆ ಪಾಸಾಗುತ್ತಿದ್ದೆ. ಅಂದರೆ ಓದಲೂ ಇಲ್ಲ, ಪಾಸಾಗಲೂ ಇಲ್ಲ. ಆಗದೇ ಹೋದದ್ದಕ್ಕೆ ಮಾತ್ರ ಲೌ.”

ಆ ಸಂಜೆ ಅಪ್ಪ ಎಂದೂ ಇಲ್ಲದ್ದು, “ಇವತ್ತ ಏನ್ ಕಲಿಸಿದ್ರು?” ಎಂದು ಕೇಳಿದರು. ಹೇಳಿದೆ. ಲೌ ದರಸ್ತ ಲನಜಹ್ತ ಎಂಬುದನ್ನು ಓದಿ ತೋರಿಸಿ, ಅರ್ಥ ಬಿಡಿಸಿ ಹೇಳಿದೆ. ಅಪ್ಪ ಕೇಳಿಸಿಕೊಂಡು ಸುಮ್ಮನೆ ಕೂತರು. ಆಮೇಲೆ, “ಅದೊಂದನ್ನ ಪರೀಕ್ಷಾಕ್ಕಷ್ಟ ಕಲಿ ತಂಗೀ” ಅಂದರು.

ನಾನು ಹಾಗೆಯೇ ಮಾಡಿದೆ. ಮಳೆ ಬಂದಿದ್ದರೆ, ಬಸ್ಸು ಸಿಕ್ಕಿದ್ದರೆ, ಅಂಗಡಿ ತೆರೆದಿದ್ದರೆ ಎಂದು ಪುಟಗಟ್ಟಲೆ ವಾಕ್ಯ ಬರೆದೆ. ಒಂದರಲ್ಲೂ ಮನೆಯವರು ಯಾರೂ ಇರಲಿಲ್ಲ.

ಪ್ರೀಡಿಗ್ರಿ ಪಾಸಾಯಿತು. ಬಿ.ಎ.ಗೂ ಅರಬ್ಬಿಯನ್ನೇ ತೆಗೆದುಕೊಂಡೆ. ಈ ಸಲ ಕಿಟಕಿಯ ಹಿಂದಿನವರು ಕೇಳಿದಾಗ ನಾನೇ ಹೇಳಿದೆ. ಪ್ರೀತಿ ಹುಟ್ಟಿತ್ತೆಂದು ಹೇಳಲಾರೆ. ಕೈ ಕೂತಿತ್ತು. ಧಾರವಾಡದ ಮಾವ ಬಂದವರು ಹೌಹಾರಿದರು. “ಅರಬ್ಬಿ? ಬ್ರಾಹ್ಮಣರ ಹುಡುಗಿ ಅರಬ್ಬಿ ಕಲ್ತು ಏನ್ ಮಾಡ್ತಾಳ? ನಾಳೆ ವರನ ಕಡ್ಯಾವ್ರು ಕೇಳಿದ್ರ ಏನಂತ ಹೇಳ್ತೀರಿ?” ಅಪ್ಪ ಅವರಿಗೆ ಚಹಾ ಕೊಡುತ್ತಾ, “ಅಕೀಗೆ ಬರ್ತದ. ಕಲೀತಾಳ” ಎಂದಷ್ಟೇ ಹೇಳಿದರು.

ಎಪ್ಪತ್ತರ ದಶಕ ನಡುವಿಗೆ ಬಂದಾಗ ಕೊಲ್ಲಿ ದೇಶಗಳಿಗೆ ಹೋಗುವವರು ಹೆಚ್ಚಿದ್ದರು, ಶಾಲೆಗಳಲ್ಲಿ ಅರಬ್ಬಿ ಕಲಿಸುವವರೂ ಬೇಕಾಗಿದ್ದರು. ಫೋರ್ಟ್ ಕೊಚ್ಚಿಯ ಕಡೆಯ ಒಂದು ಹುಡುಗಿಯರ ಶಾಲೆಯಲ್ಲಿ ಹಂಗಾಮಿ ಕೆಲಸಕ್ಕೆ ಸಂದರ್ಶನಕ್ಕೆ ಕರೆದರು. ಹಿಂದಿನ ದಿನವೇ ರೈಲಿನಲ್ಲಿ ಎರ್ನಾಕುಲಂಗೆ ಹೋಗಿ ಇಳಿದೆ. ಅಂದು ಮಧ್ಯಾಹ್ನ ನನಗೆ ಮಾಡಲು ಏನೂ ಇರಲಿಲ್ಲ. ಅವ್ವ ಇದ್ದ ಆಸ್ಪತ್ರೆಯ ಮುಂದೆ ನಡೆದುಕೊಂಡು ಹೋದೆ. ಗೇಟಿನೊಳಗೆ ಹೋಗಿ, ಹೆಂಗಸರ ವಾರ್ಡಿನ ವರಾಂಡದ ತುದಿಯಲ್ಲಿ ನಿಂತೆ. ಕಂಬಿಗಳ ಮೇಲೆ ಯಾರದೋ ಮುಂಡುಗಳು ಒಣಗುತ್ತಿದ್ದವು. ಒಬ್ಬ ಅಟೆಂಡರ್ ಬಂದು, “ಆರೆ ಕಾಣಾನಾ?” ಎಂದ. ಯಾರನ್ನು ನೋಡಬೇಕು?

“ಆರೆಯುಂ ಇಲ್ಲ” ಅಂದೆ. ಯಾರನ್ನೂ ಇಲ್ಲ.

ಅವನು ವಿಚಿತ್ರವಾಗಿ ನೋಡಿದ. ನಾನು ಹೊರಗೆ ಬಂದು ಜೆಟ್ಟಿಯ ಬಳಿ ಚಹಾ ಕುಡಿದೆ. ಚಹಾ ತುಂಬ ಬಿಸಿಯಿತ್ತು, ತುಟಿ ಸುಟ್ಟಿತು. ಸುಟ್ಟದ್ದು ಚೆನ್ನಾಗಿ ಗೊತ್ತಾಯಿತು.

ಕೆಲಸ ಸಿಕ್ಕಿತು. ಮೊದಲ ದಿನ ತರಗತಿಗೆ ಹೋದಾಗ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದ ಅರಬ್ಬಿ ಟೀಚರನ್ನು ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ಮುಂದಿನ ಸಾಲಿನ ತಲೆವಸ್ತ್ರದ ಪುಟ್ಟ ಹುಡುಗಿಯೊಬ್ಬಳು ಕೊನೆಗೆ ಎದ್ದು ನಿಂತಳು.

“ಟೀಚರ್ ಮುಸ್ಲಿಮಾಣೋ?”

“ಅಲ್ಲ” ಅಂದೆ.

“ಪಿನ್ನೆ?” ಮತ್ತೆ?

ಏನು ಹೇಳುವುದೆಂದು ಯೋಚಿಸುವ ಮೊದಲೇ ಬಾಯಿಂದ, “ಕನ್ನಡ” ಎಂದು ಬಂತು.

ಹುಡುಗಿ ಪಕ್ಕದವಳ ಕಡೆ ತಿರುಗಿ ಏನೋ ಹೇಳಿದಳು. ಪಕ್ಕದವಳು ತಲೆಯಾಡಿಸಿದಳು. ಅದೂ ಒಂದು ಜಾತಿ ಇರಬೇಕೆಂದು ಇಬ್ಬರೂ ತೀರ್ಮಾನಿಸಿದಂತೆ ಕಂಡಿತು. ಅವಳು ಕೂತಳು. ನಾನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಬಲ ತುದಿಗೆ ಹೋದೆ.